ಸಂಪಾದಕರ ಉತ್ತರ: ಹುಡುಗರನ್ನು ದಯವಿಟ್ಟು ನೀವೇ ಕಳಿಸಬೇಡಿ

ಕಳೆದ ಸಂಚಿಕೆಯಲ್ಲಿ ನಾವೊಂದು ಪುಟ್ಟ ಪ್ರಕಟಣೆ ಹಾಕಿದ್ದೆವು. ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ನಮ್ಮವರ ಹುಡುಗಿಯೊಬ್ಬಳು ಮುಂಬೈ ಹೋಟೆಲುಗಳಲ್ಲಿ ದುಡಿಯುವ 12 ಮಂದಿ ಕನ್ನಡಿಗರ ಹತ್ತಿರ ಅವರ ಮನಸ್ಸಿನ ಕಷ್ಟಸುಖದ ಬಗ್ಗೆ ತನ್ನ ಸಂಶೋಧನೆಗಾಗಿ ತಲಾ ಒಂದು ಗಂಟೆ ಮಾತಾಡಬೇಕೆಂದಿದ್ದಾಳೆ, ಒಪ್ಪುವವರು ತಮ್ಮ ಮಾಲೀಕರ ಮೂಲಕ ಪತ್ರಿಕೆಗೆ ತಿಳಿಸಿ, ಎಂದು. ಅದನ್ನು ಓದಿ ಡೊಂಬಿವಲಿಯ ಹಿರಿಯರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷಗಳಿಂದ ಕೂರುತ್ತಿರುವವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು. ಹನ್ನೆರಡು ಜನರ ಮಾತು ಕೇಳಿದರೆ ಅದು ಸಂಶೋಧನೆ ಹೇಗಾಗುತ್ತದೆ, ಅಂಥ ಮಾತು ನಾನು ದಿನಾ ಕೇಳುತ್ತೇನೆ. ಹದಿನಾಲ್ಕನೇ ವಯಸ್ಸಿಗೆ ಬಂದು ಹಗಲು ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮನ್ನು ‘ಮನಸ್ಸು ಹೇಗಿದೆ’ ಎಂದು ಯಾರು ಕೇಳಿದ್ದರು? ಇವರು ಬಂದು ಬರೆದುಕೊಂಡು ಹೋಗಿ ಡಿಗ್ರಿ ತಗೊಳ್ಳುತ್ತಾರೆ, ಹುಡುಗರಿಗೆ ಸಿಗುವುದೇನು? ಕೊನೆಗೆ ದೊಡ್ಡ ಮನಸ್ಸಿನಿಂದ ಒಂದು ಸಾಲು: ‘ಆದರೂ ಬೇಕೆಂದರೆ ಹೇಳಿ, ನಾಲ್ಕು ಹುಡುಗರನ್ನು ನಾನೇ ಕಳಿಸುತ್ತೇನೆ.’

ಮಾನ್ಯರೆ,

ನಮಸ್ಕಾರ. ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ನೀವು ಕೇಳಿದ್ದಕ್ಕೆಲ್ಲ ಏನೋ ಒಂದು ಹೇಳಬಹುದಿತ್ತು. ಆ ಕೊನೆಯ ಸಾಲಿಗೆ ಮಾತ್ರ ಏನು ಬರೆಯಲೂ ಕೈ ಬರಲಿಲ್ಲ, ಏಕೆಂದರೆ ಅಲ್ಲಿ ಕಂಡದ್ದು ನಮ್ಮದೇ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹನ್ನೆರಡರ ಲೆಕ್ಕ. ಹೋಟೆಲ್ ಹುಡುಗರಲ್ಲಿ ನಿದ್ದೆಗೆಟ್ಟವರು ನೂರಕ್ಕೆ ಎಷ್ಟು ಎಂದು ಕೇಳಿದರೆ ಹನ್ನೆರಡು ಜನರಿಂದ ಏನೂ ತಿಳಿಯದು, ನಿಮ್ಮ ಮಾತು ಸರಿ. ಅದಕ್ಕೆ ನೂರಾರು ಜನರ ಸಮೀಕ್ಷೆಯೇ ಆಗಬೇಕು. ಈ ಹುಡುಗಿ ಕೇಳಹೊರಟದ್ದು ಬೇರೆ. ನಿದ್ದೆ ಬಾರದ ರಾತ್ರಿ ಅವನು ಏನು ಮಾಡುತ್ತಾನೆ, ಯಾರಿಗೆ ಹೇಳುತ್ತಾನೆ, ಯಾರಿಂದ ಮುಚ್ಚಿಡುತ್ತಾನೆ, ತನಗೆ ಆಗುತ್ತಿರುವುದಕ್ಕೆ ಯಾವ ಹೆಸರು ಕೊಡುತ್ತಾನೆ. ಇವು ಎಣಿಸಿ ಸಿಗುವ ಸಂಗತಿಗಳಲ್ಲ, ಕೂತು ಕೇಳಬೇಕಾದವು.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಉಪನಗರದ ಒಂದು ಹೋಟೆಲಿಗೆ ಸಮೀಕ್ಷೆಯವರು ಬಂದಿದ್ದರು. ಅವರಿಗೆ ಕನ್ನಡ ಬಾರದು, ನಾನು ದುಭಾಷಿಯಾಗಿ ಹೋಗಿದ್ದೆ. ಅಡುಗೆಮನೆಯ ಮೇಲಿನ ಮಾಳಿಗೆ, ತಲೆ ತಗ್ಗಿಸಿಯೇ ಹೋಗಬೇಕು. ಒಂದು ಗೋಡೆಯಿಂದ ಇನ್ನೊಂದಕ್ಕೆ ನೈಲಾನ್ ಹಗ್ಗ, ಅದರ ಮೇಲೆ ಹದಿನೈದಿಪ್ಪತ್ತು ಅಂಗಿ. ಕೆಳಗಿನ ಭಟ್ಟಿಯ ಕಾವಿಗೆ ನೆಲವೇ ಬೆಚ್ಚಗಿತ್ತು. ಕುಂದಾಪುರ ಕಡೆಯ ಹುಡುಗನೊಬ್ಬ ಚಾಪೆ ಮೇಲೆ ಕೂತ, ಫಾರ್ಮಿನಲ್ಲಿ ಒಂಬತ್ತು ಪ್ರಶ್ನೆ. ‘ಕಳೆದ ಎರಡು ವಾರಗಳಲ್ಲಿ ಯಾವುದೇ ಕೆಲಸದಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ?’ ಎಂದು ಓದಿದೆ. ‘ಆಸಕ್ತಿ ಅಂದ್ರೆ?’ ಎಂದ. ಏನೋ ವಿವರಿಸಿದೆ. ‘ಇಲ್ಲ’ ಎಂದ. ಒಂಬತ್ತಕ್ಕೂ ಇಲ್ಲ. ಫಾರ್ಮಿನ ಅಡಿಯಲ್ಲಿ ಸೊನ್ನೆ ಬಿತ್ತು, ಅಂದರೆ ಮನಸ್ಸಿಗೆ ಏನೂ ತೊಂದರೆಯಿಲ್ಲ ಎಂದು.

ಬಂದವರು ಏಣಿಯಿಳಿದು ಹೋದರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಹುಡುಗ ಹತ್ತಿರ ಬಂದು, ‘ಬರ್ಕಂಡದ್ ಸೇಠ್ರಿಗ್ ತೋರ್ಸ್ತ್ರಾ?’ ಎಂದು ಕೇಳಿದ. ಇಲ್ಲ ಎಂದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎಣ್ಣೆ ಸಿಡಿದ ಕಲೆಗಳು, ಕೆಲವು ಹಳೆಯವು, ಕೆಲವು ಇನ್ನೂ ಕೆಂಪು. ಅದನ್ನು ಸವರಿಕೊಳ್ಳುತ್ತ ಅಂದ: ‘ಊರಿಗ್ ಫೋನ್ ಮಾಡುಕೇ ಮನ್ಸ್ ಬತ್ತಿಲ್ಲೆ ಸಾರ್. ಅಮ್ಮನ ಸ್ವರ ಕೇಂಡ್ರೆ ಎದಿ ಕಟ್ದಾಂಗ್ ಆತ್ತ್.’ ಕಣ್ಣೆದುರಿಗೇ ಸೊನ್ನೆ ಅಂಕ ಪಡೆದ ಹುಡುಗ ಇವನು. ಆ ಫಾರ್ಮಿನಲ್ಲಿ ಅಮ್ಮನ ಸ್ವರಕ್ಕೆ ಜಾಗ ಇರಲಿಲ್ಲ. ಎದೆ ಕಟ್ಟುತ್ತದೆ ಎಂದು ಡಾಕ್ಟರ ಹತ್ತಿರ ಹೇಳಿದ್ದರೆ ಇ.ಸಿ.ಜಿ. ತೆಗೆಸಿ ಕಳಿಸುತ್ತಿದ್ದರೋ ಏನೋ. ನಾನು ಕೆಳಗಿಳಿದು ಹೋಗಿ ಸಮೀಕ್ಷೆಯವರಿಗೆ ಹೇಳಬೇಕಿತ್ತು. ಹೇಳಲಿಲ್ಲ, ತಡವಾಗಿತ್ತು, ಲೋಕಲ್ ಹಿಡಿಯಬೇಕಿತ್ತು. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ದುಡಿಯುವ ಜಾಗದಲ್ಲಿ ಇಂಥದ್ದು ಮೊದಲೂ ಆಗಿದೆ. ಅಮೆರಿಕದ ಶಿಕಾಗೋ ಪಕ್ಕದ ಹಾಥಾರ್ನ್ ಎಂಬಲ್ಲಿ ಟೆಲಿಫೋನ್ ಉಪಕರಣ ತಯಾರಿಸುವ ದೊಡ್ಡ ಕಾರ್ಖಾನೆ ಇತ್ತು. ಅಲ್ಲಿ 1928ರಿಂದ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮಾತಾಡಿಸಿದರು. ಮೊದಮೊದಲು ಕೈಯಲ್ಲಿ ಪ್ರಶ್ನೆಗಳ ಪಟ್ಟಿ: ಮೇಲ್ವಿಚಾರಕ ಹೇಗೆ, ಬೆಳಕು ಗಾಳಿ ಹೇಗೆ, ಕೆಲಸ ಹೇಗೆ. ಕಾರ್ಮಿಕರು ಪಟ್ಟಿ ಬಿಟ್ಟು ತಮಗೆ ಬೇಕಾದ್ದನ್ನೇ ಮಾತಾಡುತ್ತಿದ್ದರು. ಮರುವರ್ಷ ಪಟ್ಟಿಯನ್ನೇ ಕೈಬಿಟ್ಟರು. ಅಡ್ಡ ಬಾಯಿ ಹಾಕಬಾರದು, ವಾದ ಮಾಡಬಾರದು, ಬುದ್ಧಿ ಹೇಳಬಾರದು, ಅವರು ಹೇಳಿದ್ದನ್ನು ಕೇಳಬೇಕು. ಅರ್ಧ ಗಂಟೆಯ ಭೇಟಿ ಒಂದೂವರೆ ಗಂಟೆಗೆ ಬೆಳೆಯಿತು. ಕೂಲಿ ದರ ಕಡಿಮೆ ಎಂದು ದೂರುತ್ತಿದ್ದ ಒಬ್ಬಾತನ ಮಾತು ಬಿಡಿಸುತ್ತ ಹೋದರೆ, ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಡಾಕ್ಟರ ಬಿಲ್ಲಿನ ಚಿಂತೆ ಅವನನ್ನು ತಿನ್ನುತ್ತಿತ್ತು.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಅವನ ಚಿಂತೆ ಹೆಂಡತಿಯದು ಎಂದು ಗೊತ್ತಾದ ಮಾತ್ರಕ್ಕೆ ಕೂಲಿಯ ದೂರು ಸುಳ್ಳಾಗುವುದಿಲ್ಲ. ಸಂಬಳ ಸಾಕಷ್ಟು ಇದ್ದಿದ್ದರೆ ಬಿಲ್ಲಿನ ಚಿಂತೆಯೂ ಅಷ್ಟಿರುತ್ತಿರಲಿಲ್ಲ. ಅದೇ ಕಾರ್ಖಾನೆಯಲ್ಲಿ 1936ರಿಂದ ಸುಮಾರು ಇಪ್ಪತ್ತು ವರ್ಷ ಸಲಹೆಗಾರರನ್ನು ಇಟ್ಟಿದ್ದರು. ಅವರಿಗೆ ಕೇಳುವ ಅಧಿಕಾರ ಇತ್ತು, ಕೇಳಿದ್ದರ ಮೇಲೆ ಏನನ್ನೂ ಬದಲಿಸುವ ಅಧಿಕಾರ ಇರಲಿಲ್ಲ. ‘ಹುಡುಗರಿಗೆ ಸಿಗುವುದೇನು’ ಎಂಬ ನಿಮ್ಮ ಪ್ರಶ್ನೆ ಅಲ್ಲಿಗೂ ಅಷ್ಟೇ ಸಲ್ಲುತ್ತದೆ.

‘ಅಂಥ ಮಾತು ದಿನಾ ಕೇಳುತ್ತೇನೆ’ ಎಂದಿದ್ದೀರಿ. ಕೇಳುತ್ತೀರಿ, ಅನುಮಾನವಿಲ್ಲ. ಯಾವ ಹುಡುಗ ಯಾವ ತಿಂಗಳು ಅಡ್ವಾನ್ಸ್ ಕೇಳುತ್ತಾನೆ ಎಂಬುದರಿಂದಲೇ ಅವನ ಮನೆಯ ಸ್ಥಿತಿ ನಿಮಗೆ ತಿಳಿದೀತು. ಈ ಕೇಳುವಿಕೆಗೆ ಮಾತ್ರ ಒಂದು ಕಟ್ಟುಪಾಡು ಇದೆ. ಅವನ ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡಬೇಕು. ಅಂದದ್ದನ್ನು ಅಂದ ಹಾಗೆಯೇ, ಕುಂದಾಪುರದ ಮಾತಾದರೆ ಕುಂದಾಪುರದ ಮಾತಿನಲ್ಲೇ, ಮೌನವಾಗಿದ್ದರೆ ಮೌನವಾಗಿದ್ದ ಎಂದೇ ಅಕ್ಷರಕ್ಕಿಳಿಸಬೇಕು. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುವ ಕೆಲಸ ಇದು. ಆಮೇಲೆ ಸಾಲು ಸಾಲಾಗಿ ಓದಿ, ಒಬ್ಬನ ಮಾತಲ್ಲಿ ಕಂಡ ಎಳೆ ಇನ್ನೊಬ್ಬನಲ್ಲಿ ಇದೆಯೇ ಎಂದು ಗುರುತು ಹಾಕಿಕೊಳ್ಳಬೇಕು. ಎಲ್ಲರೂ ಹೇಳಿದ್ದಕ್ಕೆ ಉಲ್ಟಾ ಹೇಳಿದವನನ್ನು ಬಿಡುವಂತಿಲ್ಲ, ಅವನನ್ನೇ ಹೆಚ್ಚು ಹೊತ್ತು ಓದಬೇಕು. ಹೊಸಬರನ್ನು ಮಾತಾಡಿಸಿದರೂ ಹೊಸದೇನೂ ಬರುತ್ತಿಲ್ಲ ಎಂದಾಗ ನಿಲ್ಲಿಸಬಹುದು. ಅದು ಹನ್ನೆರಡಕ್ಕೆ ಆದೀತು, ಇಪ್ಪತ್ತಕ್ಕೂ ಹೋದೀತು. ಗ್ಲೇಸರ್ ಮತ್ತು ಸ್ಟ್ರಾಸ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1967ರಲ್ಲಿ ಈ ಕ್ರಮವನ್ನು ವಿವರವಾಗಿ ಬರೆದರು. ಅವರು ಅದಕ್ಕೆ ಮುಂಚೆ ಕೂತು ಕೇಳಿದ್ದು ಆಸ್ಪತ್ರೆಗಳಲ್ಲಿ, ಸಾವಿನಂಚಿನಲ್ಲಿದ್ದವರ ಹಾಸಿಗೆಯ ಸುತ್ತ.

ಗಲ್ಲಾದ ವಿಷಯ ಇನ್ನೂ ಒಂದಿದೆ, ಬೇಸರ ಮಾಡಬೇಡಿ. ಸಂಬಳ ಎಣಿಸಿಕೊಡುವ ಕೈಯ ಮುಂದೆ ಮನುಷ್ಯ ಎಲ್ಲವನ್ನೂ ಹೇಳುವುದಿಲ್ಲ. ನೀವು ಎಷ್ಟು ಒಳ್ಳೆಯವರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವೇ ಕಪ್ಪು ತೊಳೆಯುತ್ತಿದ್ದಾಗ ನಿಮ್ಮ ಧಣಿಯ ಮುಂದೆ ಏನೆಲ್ಲ ಹೇಳಿರಲಿಲ್ಲ ಎಂದು ನೆನೆಸಿಕೊಂಡರೆ ಗೊತ್ತಾದೀತು.

ಮಾತು ಕೇಳುವುದರಿಂದ ಉಪಯೋಗ ಆದದ್ದುಂಟೇ ಎಂದರೆ, ನಮ್ಮ ಪಕ್ಕದ ಗೋವಾದಲ್ಲೇ ಆಗಿದೆ. 1996ರಲ್ಲಿ ಶುರುವಾದ ‘ಸಂಗಾತ್’ ಸಂಸ್ಥೆಯವರು ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಜೊತೆ ಸೇರಿ ಅಲ್ಲಿನ 24 ಚಿಕಿತ್ಸಾ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮಾನಸಿಕ ಆರೋಗ್ಯದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಲಹೆಗೆ ಕೂರಿಸಿದರು. ಬಂದವರಿಗೆ ‘ಖಿನ್ನತೆ’ ಎಂಬಂಥ ಕಾಯಿಲೆಯ ಹೆಸರು ಅಂಟಿಸಲಿಲ್ಲ, ಜನ ತಾವೇ ಆಡುವ ‘ಟೆನ್ಷನ್’ ಎಂಬ ಪದವನ್ನೇ ಹಿಡಿದು ಮಾತಿಗೆಳೆದರು. ಜನ ಯಾವ ಪದ ಆಡುತ್ತಾರೆ ಎಂಬುದು ಕೇಳದೆ ತಿಳಿಯುವುದಿಲ್ಲವಲ್ಲ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, ಈ ಸಲಹೆ ಸಿಗದವರಿಗಿಂತ ಸಿಕ್ಕವರಲ್ಲಿ ಚೇತರಿಸಿಕೊಂಡವರು ಎದ್ದು ಕಾಣುವಷ್ಟು ಹೆಚ್ಚಿದ್ದರು. ಖಾಸಗಿ ಡಾಕ್ಟರುಗಳ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಮುಚ್ಚಿಡದೆ ಬರೆದರು. ಮಾತಿನಿಂದ ಪದ ಸಿಕ್ಕಿತು, ಎಣಿಕೆಯಿಂದ ಅದರ ಫಲ ತಿಳಿಯಿತು. ಎರಡೂ ಬೇಕು.

ಈಗ ನಿಮ್ಮ ರಾತ್ರಿ ಶಾಲೆ. ‘ನಮ್ಮನ್ನು ಯಾರು ಕೇಳಿದ್ದರು’ ಎಂದಿರಿ. ಅದೇ ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದದ್ದನ್ನು ಓದುತ್ತೇನೆ: ಜ್ವರ ಬಂದು ಎರಡು ರಾತ್ರಿ ತರಗತಿಗೆ ಹೋಗದಿದ್ದಾಗ ಮಾಸ್ತರರು ಹೋಟೆಲಿನ ಹಿಂಬಾಗಿಲಿಗೆ ಬಂದು, ನೆನೆದ ಕೊಡೆ ಮಡಚಿಕೊಂಡು ನಿಂತು, ‘ಹುಡುಗ ಎಲ್ಲಿ, ಊಟ ಮಾಡಿದನಾ’ ಎಂದು ವಿಚಾರಿಸಿದರು. ಐವತ್ತು ವರ್ಷದ ಮೇಲೂ ಆ ಕೊಡೆ ನಿಮ್ಮ ಕಣ್ಣಲ್ಲಿದೆ. ಕೇಳಿದವರೊಬ್ಬರು ಇದ್ದರು, ಸ್ವಾಮಿ. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಹುಡುಗರಿಗೆ ಅಕ್ಷರದ ಜೊತೆಗೆ ಕೊಟ್ಟದ್ದು ಅದನ್ನೇ, ನೀನು ಬಾರದಿದ್ದರೆ ಗಮನಿಸುವವರು ಒಬ್ಬರಿದ್ದಾರೆ ಎಂಬ ಧೈರ್ಯ. ಮನುಷ್ಯನ ಸಂಕಟವನ್ನು ಅವನ ತಲೆಯೊಳಗೆ ಮಾತ್ರ ಹುಡುಕಬೇಡಿ, ಅವನ ಸುತ್ತ ಯಾರಿದ್ದಾರೆ, ಯಾರಿಲ್ಲ ನೋಡಿ ಎನ್ನುವ ಶಾಖೆಗೆ ಸಮುದಾಯ ಮನಃಶಾಸ್ತ್ರ ಎಂದು ಹೆಸರು. ಆ ಶಾಲೆಗಳು ಎಷ್ಟೋ ಮುಚ್ಚಿಹೋದವು. ಈಗ ಬರುವ ಹುಡುಗನಿಗೆ ಹಿಂಬಾಗಿಲಿಗೆ ಬಂದು ಕೇಳುವವರು ಯಾರು? ಆ ಹುಡುಗಿಯ ಪ್ರಶ್ನೆಗಳಲ್ಲಿ ಇದೂ ಒಂದಾಗಬೇಕೆಂದು ನಿಮ್ಮ ಪತ್ರ ಓದಿದ ಮೇಲೆ ಅವಳಿಗೆ ಹೇಳಿದೆ. ಬರೆದುಕೊಂಡಳು.

‘ಸಿಗುವುದೇನು’ ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಉತ್ತರ ಹಳೆಯದು. ವಿಯೆನ್ನಾ ಹತ್ತಿರದ ಮರಿಯೆಂಥಾಲ್ ಎಂಬ ಊರಲ್ಲಿ ಬಟ್ಟೆ ಗಿರಣಿ ಮುಚ್ಚಿ ಇಡೀ ಊರೇ ಕೆಲಸ ಕಳೆದುಕೊಂಡಿತ್ತು. 1931ರ ಕೊನೆಗೆ ಮನಃಶಾಸ್ತ್ರಜ್ಞೆ ಮರೀ ಯಹೋದಾ ಮತ್ತು ಜೊತೆಗಾರರು ಅಲ್ಲಿಗೆ ಹೋದರು. ಬೀದಿಯಲ್ಲಿ ಗಂಡಸರು ಎಷ್ಟು ನಿಧಾನ ನಡೆಯುತ್ತಾರೆ, ದಾರಿಯಲ್ಲಿ ಎಷ್ಟು ಸಲ ಸುಮ್ಮನೆ ನಿಲ್ಲುತ್ತಾರೆ ಎಂದು ಕಿಟಕಿಯಿಂದ ಗಡಿಯಾರ ಹಿಡಿದು ನೋಡಿದರು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. 1982ರ ಜನವರಿಯಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಪ್ರದೇಶವಾದ ನಮ್ಮ ಗಿರಣಗಾಂವಿನ ಮುಷ್ಕರ ಆರಂಭವಾಗಿ, ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಗುಳಿದ ಮೇಲಿನ ದಿನಗಳಲ್ಲಿ ಲಾಲ್‌ಬಾಗ್, ಪರೇಲ್‌ಗಳ ನಾಕಾಗಳಲ್ಲಿ ನಿಂತ ಗಂಡಸರನ್ನು ಕಂಡವರಿಗೆ ಆ ನಿಧಾನದ ನಡಿಗೆ ಏನೆಂದು ವಿವರಿಸಬೇಕಾಗಿಲ್ಲ. ಯಹೋದಾ ಅವರ ತಂಡ ತನಗೆ ತಾನೇ ಒಂದು ಕರಾರು ಹಾಕಿಕೊಂಡಿತ್ತು: ಬರೀ ನೋಡುವವರಾಗಿ ಯಾರೂ ಆ ಊರಲ್ಲಿ ಇರಕೂಡದು, ಪ್ರತಿಯೊಬ್ಬರೂ ಊರಿಗೆ ಬೇಕಾದ ಒಂದು ಕೆಲಸ ಮಾಡುತ್ತಿರಬೇಕು. ಬಟ್ಟೆ ಸಂಗ್ರಹಿಸಿ ಹಂಚಿದರು, ಹೊಲಿಗೆ ತರಗತಿ ನಡೆಸಿದರು, ಡಾಕ್ಟರನ್ನು ಕೂರಿಸಿದರು.

ಅಂಥದೇ ಕರಾರನ್ನು ನಾವೂ ಈ ಹುಡುಗಿಗೆ ಹಾಕಿದ್ದೇವೆ. ಬರೆದದ್ದನ್ನು ಅವಳು ಮೊದಲು ಕನ್ನಡದಲ್ಲಿ ಆ ಹುಡುಗರಿಗೇ ಓದಿ ಹೇಳಬೇಕು, ‘ಹೀಗಲ್ಲ’ ಎಂದರೆ ತಿದ್ದಬೇಕು. ತಾಲೂಕು, ಊರು, ಹೋಟೆಲಿನ ಮೂಲೆ, ಯಾವುದೂ ಅಚ್ಚಿನಲ್ಲಿ ಬರಬಾರದು. ನಮ್ಮದು ಸಣ್ಣ ಸಮಾಜ. ‘ಬೈಂದೂರು ಕಡೆಯವ, ಸ್ಟೇಷನ್ ಎದುರಿನ ಹೋಟೆಲಲ್ಲಿ ದೋಸೆ ಹಾಕುವವ’ ಎಂದರೆ ಸಾಕು, ಅವನ ಮಾವನ ಮನೆಯವರೆಗೂ ಸುದ್ದಿ ಮುಟ್ಟುತ್ತದೆ. ಮಾತಿನ ನಡುವೆ ಯಾರಾದರೂ ತೀರಾ ಕುಗ್ಗಿರುವುದು ಕಂಡರೆ ನೋಟುಪುಸ್ತಕ ಮುಚ್ಚಿ ಅವನಿಗೆ ನೆರವು ಸಿಗುವ ತನಕ ಜೊತೆಗಿರಬೇಕು.

ಇನ್ನು ನಮ್ಮ ತಪ್ಪು. ‘ಮಾಲೀಕರ ಮೂಲಕ ತಿಳಿಸಿ’ ಎಂದು ಅಚ್ಚು ಹಾಕಿದೆವು. ಅದನ್ನು ಬರೆದವನು ನಾನು. ಸುಲಭವಾಗುತ್ತದೆ ಎಂದಷ್ಟೇ ಯೋಚಿಸಿದ್ದೆ. ಮಾಳಿಗೆಯ ಹುಡುಗ ‘ಸೇಠ್ರಿಗ್ ತೋರ್ಸ್ತ್ರಾ’ ಎಂದು ಕೇಳಿದ್ದು ನೆನಪಿದ್ದೂ ಹಾಗೆ ಬರೆದೆ. ‘ನಾನೇ ಕಳಿಸುತ್ತೇನೆ’ ಎಂಬ ನಿಮ್ಮ ಸಾಲು ಓದಿದಾಗ ಎಚ್ಚರವಾಯಿತು. ನೀವು ಹೋಗು ಎಂದರೆ ಅವನು ಬಂದೇ ಬರುತ್ತಾನೆ, ಬರಲಾರೆ ಎನ್ನುವುದು ಅವನಿಂದಾಗದು. ಮಾಲೀಕರ ಅನುಮತಿ ಹುಡುಗನ ಒಪ್ಪಿಗೆ ಆಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2017ರಲ್ಲಿ ಹೊರಡಿಸಿದ ಸಂಶೋಧನಾ ನೀತಿಸೂತ್ರಗಳೂ ಇದನ್ನೇ ಹೇಳುತ್ತವೆ: ಒಪ್ಪಿಗೆ ಆಯಾ ವ್ಯಕ್ತಿಯದೇ ಆಗಿರಬೇಕು, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಹಕ್ಕು ಅವನಿಗಿರಬೇಕು.

ಆದ್ದರಿಂದ ಆ ಪ್ರಕಟಣೆಯನ್ನು ವಾಪಸ್ ತೆಗೆದುಕೊಂಡಿದ್ದೇವೆ, ಹೊಸದು ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಹದಿನೆಂಟು ತುಂಬಿದವರು ನೇರವಾಗಿ ಅವಳಿಗೇ ಫೋನ್ ಮಾಡಬಹುದು. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುನ್ನ, ಮೂರರಿಂದ ನಾಲ್ಕೂವರೆಯೊಳಗೆ, ಅವರು ಹೇಳಿದ ಜಾಗಕ್ಕೆ ಅವಳೇ ಬರುತ್ತಾಳೆ. ಫೈವ್ ಗಾರ್ಡನ್ಸ್‌ನ ಬೆಂಚಾದರೂ ಆದೀತು.

ನಿಮ್ಮಿಂದ ಒಂದು ಉಪಕಾರ ಬೇಕು. ಈ ಪತ್ರದ ಜೊತೆ ಇಪ್ಪತ್ತು ಚೀಟಿ ಇಟ್ಟಿದ್ದೇನೆ. ಒಂದು ಬದಿಯಲ್ಲಿ ಅವಳ ನಂಬರು, ಇನ್ನೊಂದು ಬದಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ ನಂಬರು, 14416. 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಅದು ಮಾತಾಡುವ ಭಾಷೆಗಳಲ್ಲಿ ಕನ್ನಡವೂ ಇದೆ. ಚೀಟಿಗಳನ್ನು ಯಾರ ಕೈಗೂ ಕೊಡಬೇಡಿ. ಹುಡುಗರು ಓಡಾಡುವ ಕಡೆ, ಯಾರು ತೆಗೆದುಕೊಂಡರು ಎಂದು ನಿಮಗೆ ತಿಳಿಯದ ಹಾಗೆ ಒಂದು ಮೊಳೆಗೆ ಸಿಕ್ಕಿಸಿಡಿ. ಗಲ್ಲಾದಿಂದ ಕಾಣದ ಗೋಡೆ ಯಾವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಿಮ್ಮ ವಿಶ್ವಾಸಿ,
ಸಂಪಾದಕ