ಸೈಕಲ್ ಸವಾಲು–ಜವಾಬು: ಇಬ್ಬರಿಗೂ ಒಂದೇ ಹಬ್, ಒಂದೇ ಹಲ್ಲು

ನಾವಿಬ್ಬರೂ ನಿವೃತ್ತರು. ಚಳಿಗಾಲದಲ್ಲಿ ಸಾಮಾನು ಕಟ್ಟಿಕೊಂಡು ಧಾರವಾಡದಿಂದ ಹಳಿಯಾಳ, ದಾಂಡೇಲಿ, ಮುಂದೆ ಬನವಾಸಿ ಕಡೆಗೆ ಸೈಕಲ್ ಮೇಲೆ ಹೋಗುವ ಆಸೆ. ಹಿಂದಿನ ಗಾಲಿಯ ಹಬ್ಬಿನೊಳಗೇ (ನಡುವಿನ ಗುಂಬದೊಳಗೇ) ಗೇರ್ ಇರುವ ಸೈಕಲ್ ಬೇಕು. ಯಜಮಾನರು ತಮಗೆ 11 ಗೇರಿನದು ಬೇಕು ಅಂತಾರೆ, ನನಗೆ ‘ಲೇಡೀಸ್ ಸೈಕಲ್, ಮೂರು ಗೇರ್ ಸಾಕು’ ಅಂತಾರೆ. ನನ್ನ ತೂಕ 52 ಕೆ.ಜಿ., ಎತ್ತರ 5 ಅಡಿ 1 ಇಂಚು. ಅವರು 82 ಕೆ.ಜಿ., 5 ಅಡಿ 9 ಇಂಚು. ಏನು ಕೊಳ್ಳಬೇಕು?
— ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಯಜಮಾನರ ಎರಡೂ ಲೆಕ್ಕ ತಪ್ಪಿದೆ ಅನ್ನಬೇಕಾಗುತ್ತದೆ.

ಗೇರ್ ಎಷ್ಟಿವೆ ಎಂಬುದು ಆಮೇಲಿನ ಮಾತು. ಮೊದಲ ಗೇರ್ ಎಷ್ಟು ಹಗುರ ಎಂಬುದನ್ನು ಮೊದಲು ನೋಡಿ. ಶಿಮಾನೊ ಕಂಪನಿಯ 8 ಗೇರಿನ ಆಲ್ಫಿನ್ 8 ಮತ್ತು ನೆಕ್ಸಸ್ 8 ಹಬ್ಬುಗಳ ಮೊದಲ ಗೇರ್ 0.527. ಅಂದರೆ ಸ್ಪ್ರಾಕೆಟ್ (ಚೈನ್ ಕೂರುವ ಹಿಂದಿನ ಹಲ್ಲುಗಾಲಿ) ಒಂದು ಸುತ್ತು ಸುತ್ತಿದರೆ ಗಾಲಿ ಅರ್ಧ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಆಲ್ಫಿನ್ 11ರ ಮೊದಲ ಗೇರ್ ಕೂಡ ಅದೇ 0.527. ಹೆಚ್ಚಿನ ಮೂರು ಗೇರುಗಳಿಂದ ಸಿಗುವುದು ಇಳಿಜಾರಿನ ವೇಗ, ಏರಿನಲ್ಲಿ ಒಂದು ಕಾಸಿನ ಸಹಾಯವೂ ಇಲ್ಲ. ಮೇಲಾಗಿ 11ರಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ಗೇರ್ ಒಮ್ಮೆಲೇ ಶೇ 29ರಷ್ಟು ಭಾರವಾಗುತ್ತದೆ, 8ರಲ್ಲಿ ಶೇ 22. ಇನ್ನು ಮೂರು ಗೇರಿನ ನೆಕ್ಸಸ್ಸಿನ ಮೊದಲ ಗೇರ್ 0.733. ಅದು ಊರೊಳಗೆ ಸಂತೆಗೆ ಹೋಗಿಬರಲು ಚೆಂದ, ಸಾಮಾನು ಹೇರಿ ದಾಂಡೇಲಿ ರಸ್ತೆಗೆ ಇಳಿಯಲು ಅಲ್ಲ.

ಆದ್ದರಿಂದ ಇಬ್ಬರಿಗೂ 8 ಗೇರಿನ ಹಬ್. ಡಿಸ್ಕ್ ಬ್ರೇಕ್ ಬೇಕಿದ್ದರೆ ಆಲ್ಫಿನ್, ರಿಮ್ ಬ್ರೇಕ್ ಸಾಕೆಂದರೆ ನೆಕ್ಸಸ್. ನೆಕ್ಸಸ್ ಜೊತೆ ರೋಲರ್ ಬ್ರೇಕ್ (ಹಬ್ಬಿಗೇ ಜೋಡಿಸುವ ಮುಚ್ಚಿದ ಬ್ರೇಕ್) ಕೊಡಲು ಬಂದರೆ ಬೇಡ ಎನ್ನಿ. ಉದ್ದದ ಇಳಿಜಾರಿನಲ್ಲಿ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಈಗ ಹಲ್ಲಿನ ವಿಷಯ. ಮುಂದಿನ ಚೈನ್ ವೀಲಿನ ಹಲ್ಲುಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳಿಂದ ಭಾಗಿಸಿದರೆ 2ರ ಆಸುಪಾಸು ಬರಬೇಕು. 38ಕ್ಕೆ 20 ಹಾಕಿದರೆ 1.9. ಅದಕ್ಕಿಂತ ಇಳಿಸಿದರೆ ತುಳಿತ ಹಗುರವಾಗುತ್ತದೆ ನಿಜ, ಆದರೆ ಹಬ್ಬಿನೊಳಗಿನ ಸಣ್ಣ ಹಲ್ಲುಗಳ ಮೇಲೆ ತಿರುಚುವ ಬಲ ಏರಿ ಅವು ಬೇಗ ಸಾಯುತ್ತವೆ. 26 ಇಂಚಿನ ಗಾಲಿಗೆ 2 ಇಂಚಿನ ಟಯರ್ ಹಾಕಿದರೆ ಸುತ್ತಳತೆ ಸುಮಾರು 2.05 ಮೀಟರ್. 38/20ರಲ್ಲಿ ಮೊದಲ ಗೇರಿನ ಒಂದು ತುಳಿತಕ್ಕೆ ಸೈಕಲ್ 2.05 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ತುಳಿತವಾದರೆ ಗಂಟೆಗೆ 7.4 ಕಿ.ಮೀ. ಎಂಟನೇ ಗೇರಿನಲ್ಲಿ 80 ತುಳಿತಕ್ಕೆ ಗಂಟೆಗೆ ಸುಮಾರು 30 ಕಿ.ಮೀ. ಅದಕ್ಕಿಂತ ಜೋರು ಹೋಗುವ ಇಳಿಜಾರಿನಲ್ಲಿ ತುಳಿಯುವ ಅಗತ್ಯವೇ ಇರುವುದಿಲ್ಲ.

‘ಹೆಂಗಸರಿಗೆ ಹಗುರ ಗೇರ್, ಗಂಡಸರಿಗೆ ಭಾರದ್ದು’ ಎನ್ನುವ ಅಂಗಡಿ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ನೀವು, 18 ಕೆ.ಜಿ. ಸೈಕಲ್, 10 ಕೆ.ಜಿ. ಸಾಮಾನು ಸೇರಿದರೆ 80 ಕೆ.ಜಿ. ಶೇ 6ರ ಏರನ್ನು ಗಂಟೆಗೆ 7.4 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 115 ವ್ಯಾಟ್ ಬೇಕು. ಯಜಮಾನರು 20 ಕೆ.ಜಿ. ಹೇರಿಕೊಂಡರೆ ಒಟ್ಟು 120 ಕೆ.ಜಿ., ಬೇಕಾಗುವ ಶಕ್ತಿ ಸುಮಾರು 170 ವ್ಯಾಟ್. ಅವರವರ ಮೈತೂಕದಿಂದ ಭಾಗಿಸಿ ನೋಡಿ, ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಕಷ್ಟ. ಅವರಿಗೆ 18 ಹಲ್ಲಿನ ಸ್ಪ್ರಾಕೆಟ್ ಹಾಕಿಸಿದರೆ ಅರ್ಧ ಏರಿಗೇ ಇಳಿದು ತಳ್ಳುವವರು ಅವರೇ. ಇಬ್ಬರಿಗೂ 20 ಹಲ್ಲೇ ಇರಲಿ, ಸಾಮಾನು ಮಾತ್ರ 10–20 ಹಂಚಿಕೊಳ್ಳಿ.

ಗಾಲಿಯೂ ಇಬ್ಬರದೂ ಒಂದೇ ಅಳತೆಯದಿರಲಿ. ನಿಮ್ಮ ಎತ್ತರಕ್ಕೆ 700ಸಿ ಗಾಲಿಯ ಸಣ್ಣ ಫ್ರೇಮಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಪಾದ ಮುಂದಿನ ಗಾಲಿಗೆ ತಾಗುವ ಸಂಭವವಿದೆ. 26 ಇಂಚಿನಲ್ಲಿ ಆ ಕಿರಿಕಿರಿ ಕಡಿಮೆ, ಎಂಟಿಬಿಗಳ (ಮೌಂಟೇನ್ ಬೈಕುಗಳ) ದೆಸೆಯಿಂದ ಟ್ಯೂಬೂ ಸಣ್ಣ ಊರಿನಲ್ಲಿ ಸಿಗುತ್ತದೆ. ಟಯರಿನ ಬದಿಯಲ್ಲಿ 50-559 ಎಂದು ಅಚ್ಚಾಗಿರುತ್ತದೆ, ಆ 559ನ್ನು (ಟಯರ್ ಕೂರುವ ರಿಮ್ಮಿನ ಅಡ್ಡಳತೆ, ಮಿ.ಮೀ.ನಲ್ಲಿ) ನೋಡಿಯೇ ಕೊಳ್ಳಿ. 700ಸಿ ಎಂದರೆ 622. ಹಳೆಯ ದೊಡ್ಡ ಸೈಕಲ್ಲಿನ 28×1½ ಎಂದರೆ 635. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ಫ್ರೇಮ್ ಮಾತ್ರ ಅವರವರ ಅಳತೆಯದೇ ಆಗಬೇಕು, ಅಲ್ಲಿ ಹೊಂದಾಣಿಕೆ ಸಲ್ಲ.

ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗಿ ಅದೇ ಘಟ್ಟವನ್ನು ಸಾಮಾನಿನೊಂದಿಗೆ ಏರಿ ಬರುವ ಯೋಚನೆಯಿದ್ದರೆ 8 ಗೇರಿನ ಹಬ್ ಸಾಲದು. ಅದಕ್ಕೆ 14 ಗೇರಿನ ರೋಲಾಫ್ ಹಬ್ ಬೇಕು. ಅದರ ಮೊದಲ ಗೇರ್ 0.279, ಅದೇ 1.9ರ ಅನುಪಾತದಲ್ಲಿ ಒಂದು ತುಳಿತಕ್ಕೆ 1.1 ಮೀಟರಿನಷ್ಟು. ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಒಂದರ ದುಡ್ಡಿಗೆ ಒಳ್ಳೆಯ ಡಿರೇಲರ್ (ಚೈನನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಗೆ ಸರಿಸುವ ಕೈ) ಸೈಕಲ್ ಎರಡು ಬಂದಾವು. ಘಟ್ಟವೇ ಮುಖ್ಯ ಎನ್ನುವವರಿಗೆ ಮುಂದೆ 26, ಹಿಂದೆ 34 ಹಲ್ಲಿರುವ ಡಿರೇಲರ್ ಸೈಕಲ್ಲೇ ಬುದ್ಧಿವಂತ ಆಯ್ಕೆ. ಅದರಲ್ಲಿ ಒಂದು ತುಳಿತಕ್ಕೆ 1.57 ಮೀಟರ್. ಹಬ್ ಗೇರಿನ ಮೇಲಿನ ಮೋಹಕ್ಕೆ ಮೊಣಕಾಲು ಬಲಿ ಕೊಡಬೇಡಿ.

ನನ್ನ ಹಳೆಯ ಎಂಟಿಬಿಗೇ ಹಬ್ ಗೇರ್ ಹಾಕಿಸಬಹುದೇ? ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿ ಡಿರೇಲರ್ ಎರಡು ಸಲ ಮುರಿದಿದೆ.
— ಓದುಗರೊಬ್ಬರು, ಬೆಟಗೇರಿ, ಗದಗ

ಹಿಂದಿನ ಗಾಲಿ ಬಿಚ್ಚಿ, ಎಕ್ಸೆಲ್ ಕೂರುವ ಫ್ರೇಮಿನ ಎರಡು ಕಿವಿಗಳ ನಡುವಿನ ಒಳ ಅಂತರ ಅಳೆಯಿರಿ. 135 ಮಿ.ಮೀ. ಇದ್ದರೆ ಆಲ್ಫಿನ್ 8 ಕೂರುತ್ತದೆ. ನೆಕ್ಸಸ್ 8ಕ್ಕೆ ಬೇಕಾದದ್ದು 132. ಹೊಸ ಎಂಟಿಬಿಗಳಲ್ಲಿ ಬರುವ 12 ಮಿ.ಮೀ. ದಪ್ಪದ ಥ್ರೂ ಎಕ್ಸೆಲ್ (ಕಿವಿಗಳ ತೂತಿನಲ್ಲಿ ತೂರಿಸುವ ಎಕ್ಸೆಲ್) ಫ್ರೇಮಿಗೆ ಇವು ಹೊಂದುವುದಿಲ್ಲ.

ಮುಂದಿನ ತೊಡಕು ಚೈನಿನ ಬಿಗಿ. ಎಂಟಿಬಿಯಲ್ಲಿ ಎಕ್ಸೆಲ್ ಕೂರುವ ಸೀಳು ನೇರ ಕೆಳಮುಖವಾಗಿರುವುದರಿಂದ ಗಾಲಿಯನ್ನು ಹಿಂದೆ ಸರಿಸಿ ಚೈನ್ ಬಿಗಿ ಮಾಡಲು ಬರುವುದಿಲ್ಲ. ಚೈನ್ ಟೆನ್ಷನರ್ ಹಾಕಿಸಬೇಕು, ಅಂದರೆ ಮಣ್ಣು ಹಿಡಿಯುವ ಕೈ ಒಂದು ಮತ್ತೆ ಕೆಳಗೆ ಜೋತುಬಿದ್ದಂತೆ. ನಿಮ್ಮ ತಕರಾರು ಎರೆ ಮಣ್ಣಿನದೇ ಆಗಿದ್ದರೆ ಗಾಲಿಯನ್ನು ಹಿಂದಕ್ಕೆ ಜಾರಿಸಬಹುದಾದ ಸೀಳಿರುವ ಬೇರೆ ಫ್ರೇಮ್ ಹುಡುಕುವುದು ಮೇಲು. ಮಡ್‌ಗಾರ್ಡಿಗೂ ಟಯರಿಗೂ ಕನಿಷ್ಠ 20 ಮಿ.ಮೀ. ಸಂದು ಇರಲಿ. ಹಸಿ ಎರೆಹೊಲದ ದಾರಿಯಲ್ಲಿ ಅದೂ ತುಂಬಿಕೊಂಡರೆ ಮಡ್‌ಗಾರ್ಡ್ ಬಿಚ್ಚದೆ ಗತಿಯಿಲ್ಲ. ಮನೆಗೆ ಬಂದ ಮೇಲೆ ವಾಟರ್ ಸರ್ವಿಸಿನ ಪೈಪ್ ಹಬ್ಬಿಗೆ ಹಿಡಿಸಬೇಡಿ, ಆ ರಭಸಕ್ಕೆ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ.

ದಾರಿಯಲ್ಲಿ ಹಿಂದಿನ ಗಾಲಿ ಪಂಕ್ಚರ್ ಆದರೆ ಹಬ್ ಗೇರಿನ ಗಾಲಿ ಬಿಚ್ಚುವುದು ಹೇಗೆ?
— ಓದುಗರೊಬ್ಬರು, ಹಾನಗಲ್, ಹಾವೇರಿ ಜಿಲ್ಲೆ

ಸಾಧ್ಯವಾದಷ್ಟೂ ಬಿಚ್ಚಬೇಡಿ. ಊರ ಪಂಕ್ಚರ್ ಅಂಗಡಿಯವರು ಮೊದಲಿನಿಂದ ಮಾಡುವಂತೆ ಗಾಲಿ ಸೈಕಲ್ಲಿನಲ್ಲೇ ಇರಲಿ, ಒಂದು ಬದಿಯ ಟಯರ್ ಎಬ್ಬಿಸಿ ಟ್ಯೂಬ್ ಹೊರಗೆಳೆದು ತೇಪೆ ಹಾಕಿ. ಟ್ಯೂಬೇ ಬದಲಿಸಬೇಕಾದಾಗ ಮಾತ್ರ ಬಿಚ್ಚುವ ಕೆಲಸ.

ಆಲ್ಫಿನ್ 8 ಅಥವಾ ನೆಕ್ಸಸ್ 8 ಆದರೆ ಶಿಫ್ಟರನ್ನು (ಹ್ಯಾಂಡಲಿನ ಗೇರ್ ಹಿಡಿಯನ್ನು) 1ಕ್ಕೆ ತನ್ನಿ, ಕೇಬಲ್ ಸಡಿಲಾಗುತ್ತದೆ. (ಆಲ್ಫಿನ್ 11ರಲ್ಲಿ ಉಲ್ಟಾ, 11ಕ್ಕೆ ತರಬೇಕು.) ಸ್ಪ್ರಾಕೆಟ್ಟಿನ ಪಕ್ಕದ ತಿರುಗುವ ಬಿಲ್ಲೆಯಲ್ಲಿ ಒಂದು ಸಣ್ಣ ತೂತಿದೆ. ಅದಕ್ಕೆ 2 ಮಿ.ಮೀ. ಅಲೆನ್ ಕೀ ಅಥವಾ ಮುರಿದ ಸ್ಪೋಕಿನ ತುಂಡು ಚುಚ್ಚಿ ಬಿಲ್ಲೆ ತಿರುಗಿಸಿದರೆ ಕೇಬಲ್ಲಿನ ತುದಿಯ ಬೋಲ್ಟ್ ತನ್ನ ಗೂಡಿನಿಂದ ಹೊರಬರುತ್ತದೆ. ಆ ಬೋಲ್ಟನ್ನು ಕೇಬಲ್ಲಿನಿಂದ ಮಾತ್ರ ಸಡಿಲಿಸಬೇಡಿ, ಸಡಿಲಿಸಿದರೆ ಗೇರಿನ ಅಳತೆಯೇ ಹೋಯಿತು. ಆಮೇಲೆ 15ರ ಪಾನಾದಿಂದ ಎರಡೂ ನಟ್ಟು ಬಿಚ್ಚಿ. ನಟ್ಟಿನ ಜೊತೆಗಿರುವ ಮೂಗಿನ ವಾಷರ್ ಎಡಕ್ಕೊಂದು, ಬಲಕ್ಕೊಂದು, ಬಣ್ಣವೂ ಬೇರೆ. ಅವು ಅದಲುಬದಲಾದರೆ ಎಕ್ಸೆಲ್ ಓರೆಯಾಗಿ ಕೂತು ಗೇರ್ ಸರಿಯಾಗಿ ಬೀಳುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಗಾಲಿ ಕೂರಿಸುವಾಗ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ ನೋಡಿ, 10ರಿಂದ 15 ಮಿ.ಮೀ. ಆಡಬೇಕು. ಪೆಡಲ್ ಒಂದು ಸುತ್ತು ತಿರುಗಿಸಿ, ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ನೋಡುವುದು ಮುಖ್ಯ. ಚೈನ್ ವೀಲ್ ಯಾವತ್ತೂ ಪೂರ್ತಿ ದುಂಡಗಿರುವುದಿಲ್ಲ. ಕೊನೆಗೆ ಶಿಫ್ಟರನ್ನು 4ರಿಂದ 1ಕ್ಕೆ ಒಯ್ದು ಮತ್ತೆ 4ಕ್ಕೆ ತನ್ನಿ. ಹಬ್ಬಿನ ಬಳಿ ಎರಡು ಹಳದಿ ಗೆರೆ ಒಂದೇ ಸಾಲಿಗೆ ಬರಬೇಕು. ಬಾರದಿದ್ದರೆ ಕೇಬಲ್ಲಿನ ಅಡ್ಜಸ್ಟರ್ ತಿರುಗಿಸಿ ಹೊಂದಿಸಿ. ಗೆರೆ ತಪ್ಪಿದ ಹಬ್ಬನ್ನು ತುಳಿದರೆ ‘ಕಟಕ್’ ಎಂದು ಜಾರುತ್ತದೆ, ಹಾಗೇ ನೂರಾರು ಕಿ.ಮೀ. ಓಡಿಸಿದರೆ ಒಳಗಿನ ಹಲ್ಲು ಸವೆಯುತ್ತದೆ. ಈ ಕೆಲಸವನ್ನೆಲ್ಲ ಮನೆಯ ಅಂಗಳದಲ್ಲಿ ಒಮ್ಮೆ ಮಾಡಿ ನೋಡದೆ ಪ್ರವಾಸಕ್ಕೆ ಹೊರಡಬೇಡಿ.

ಅಜ್ಜನ ಕಾಲದ ಸೈಕಲ್ಲಿನಲ್ಲಿ ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ ಇದೆ. ಎರಡನೇ ಗೇರಿನಲ್ಲಿ ಪೆಡಲ್ ಖಾಲಿ ತಿರುಗುತ್ತದೆ. ಎಸೆಯಬೇಕೇ?
— ಓದುಗರೊಬ್ಬರು, ಉಣಕಲ್, ಹುಬ್ಬಳ್ಳಿ

ಎಸೆಯಬೇಡಿ. ಹಬ್ಬಿನ ಮೈಮೇಲೆ ‘ಎಡಬ್ಲ್ಯು’ ಎಂಬ ಅಚ್ಚಿನ ಪಕ್ಕದಲ್ಲಿ ಅಂಕಿಗಳಿದ್ದರೆ ಅವು ತಯಾರಾದ ವರ್ಷ, ತಿಂಗಳು. ಹೆಚ್ಚಿನಂಶ ಕೇಬಲ್ ಸಡಿಲಾಗಿದೆ ಅಷ್ಟೇ. ಶಿಫ್ಟರನ್ನು 2ಕ್ಕೆ ಇಟ್ಟು ಬಲಗಡೆಯ ಉದ್ದ ನಟ್ಟಿನ ಕಿಂಡಿಯಲ್ಲಿ ನೋಡಿ. ಸಣ್ಣ ಸರಪಳಿ ಜೋಡಿಸಿರುವ ಕಡ್ಡಿಯ ಭುಜ ಎಕ್ಸೆಲ್ಲಿನ ತುದಿಗೆ ಸಮವಾಗಿರಬೇಕು. ಹೊರಗೆ ಚಾಚಿದ್ದರೆ ಅಡ್ಜಸ್ಟರ್ ಸಡಿಲಿಸಿ, ಒಳಗಿದ್ದರೆ ಬಿಗಿ ಮಾಡಿ. ಎಣ್ಣೆ ಬಿಡುವ ಮುಚ್ಚಳದಿಂದ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಚಮಚ ಬಿಟ್ಟು ಗಾಲಿ ತಿರುಗಿಸಿ. ಕೊಬ್ಬರಿ ಎಣ್ಣೆ ಬಿಟ್ಟಿದ್ದರೆ ಅದು ಒಳಗೆ ಅಂಟಾಗಿ ಗಟ್ಟಿಯಾಗಿರುತ್ತದೆ, ಆಗ ಹಬ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಬೇಕು.