28 ಆದ್ರೂ ಯಾವ ಕೆಲಸವೂ ಕೈ ಹಿಡಿದಿಲ್ಲ, ಮನಸ್ಸೂ ಸರಿಯಿಲ್ಲ. ತಡ ಆಯ್ತಾ?

ಎರಡು ಕೋರ್ಸ್ ಅರ್ಧಕ್ಕೆ ಬಿಟ್ಟೆ, ಖಿನ್ನತೆಗೆ ಮಾತ್ರೆ ನಡೆಯುತ್ತಿದೆ, ಇನ್ನು ನನ್ನ ಕೈಲಿ ಏನಾಗುತ್ತೆ ಅಂತ ಕೇಳಿದ್ದೀರಿ. ತಡ ಆಗಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಾನೂ 31ರವರೆಗೆ ಹಾಗೇ ಇದ್ದೆ. ಆಗ ನನಗೆ ಆಸರೆಯಾದದ್ದು ಅಮೆರಿಕದ ಹೆಸರಾಂತ ಮನಃಶಾಸ್ತ್ರಜ್ಞ, ತತ್ವಜ್ಞಾನಿ ವಿಲಿಯಂ ಜೇಮ್ಸ್ ಅವರ ಬದುಕು.

1842ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಮನೆಯಲ್ಲಿ ದುಡ್ಡಿತ್ತು. ಅಪ್ಪ ಮಕ್ಕಳನ್ನು ಲಂಡನ್, ಪ್ಯಾರಿಸ್, ಜಿನೀವಾ ಅಂತ ಕರೆದುಕೊಂಡು ಸುತ್ತಿದ್ದರಿಂದ ಒಂದು ಶಾಲೆಯಲ್ಲೂ ನೆಲೆ ನಿಲ್ಲಲಿಲ್ಲ. 18ಕ್ಕೆ ಚಿತ್ರಕಾರ ಆಗುತ್ತೇನೆ ಅಂತ ಕುಂಚ ಹಿಡಿದರು, ವರ್ಷದೊಳಗೆ ಬಿಟ್ಟರು. ಆಮೇಲೆ ಹಾರ್ವರ್ಡ್‌ನಲ್ಲಿ ಕೆಮಿಸ್ಟ್ರಿ, ಅದೂ ಬಿಟ್ಟು ಅಂಗರಚನೆ, ಆಮೇಲೆ ವೈದ್ಯಕೀಯ, ನಡುವೆ 1865ರಲ್ಲಿ ವಿಜ್ಞಾನಿ ಅಗಾಸಿ ಅವರ ತಂಡದ ಜೊತೆ ಅಮೆಜಾನ್‌ಗೆ ಹೋಗಿ ಅಲ್ಲಿ ಸಿಡುಬು ಬಂದು ಮಲಗಿದರು. ಬೆನ್ನುನೋವು, ಕಣ್ಣಿನ ತೊಂದರೆ, ನಿದ್ದೆಯಿಲ್ಲ. ಸಾಯುವ ಯೋಚನೆಯೂ ಬರುತ್ತಿತ್ತು. 1869ರಲ್ಲಿ ಎಂ.ಡಿ. ಸಿಕ್ಕಿತು, ಡಾಕ್ಟರಿಕೆ ಮಾತ್ರ ಮಾಡಲೇ ಇಲ್ಲ.

ಒಂದು ಮುಸ್ಸಂಜೆ ಬಟ್ಟೆ ಇಡುವ ಕೋಣೆಗೆ ಏನೋ ತರಲು ಹೋದಾಗ ಇದ್ದಕ್ಕಿದ್ದಂತೆ ಭಯ ಹಿಡಿಯಿತು. ಜೊತೆಗೇ, ಹಿಂದೆ ಆಸ್ಪತ್ರೆಯಲ್ಲಿ ನೋಡಿದ್ದ ಒಬ್ಬ ಮೂರ್ಛೆರೋಗದ ಹುಡುಗ ಕಣ್ಣಮುಂದೆ ಬಂದ. ಕಪ್ಪು ಕೂದಲು, ಹಸಿರು ತಿರುಗಿದ ಚರ್ಮ, ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು ದಿನವಿಡೀ ಬೆಂಚಿನ ಮೇಲೆ ಕೂತಿರುತ್ತಿದ್ದ. ನಾಳೆ ನಾನೂ ಹೀಗೇ ಆಗಬಹುದಲ್ಲ ಅನ್ನಿಸಿತು. 1902ರಲ್ಲಿ ಇದನ್ನು ಅಚ್ಚು ಹಾಕಿಸಿದಾಗಲೂ ಯಾರೋ ಫ್ರೆಂಚ್ ವ್ಯಕ್ತಿಯ ಅನುಭವ ಅಂತಲೇ ಬರೆದರು, ತನ್ನದೇ ಅಂತ ಒಪ್ಪಿಕೊಂಡದ್ದು ಆಮೇಲೆ. ಅಷ್ಟು ವರ್ಷ ಕಳೆದರೂ ಹೇಳಿಕೊಳ್ಳುವುದು ಕಷ್ಟವೇ ಆಗಿತ್ತು, ನೋಡಿ.

ಎಲ್ಲರೂ ಜಾಸ್ತಿ ಹೇಳುವುದು 1870ರ ಏಪ್ರಿಲ್ 30ರ ಡೈರಿಯ ಬಗ್ಗೆ. ಫ್ರೆಂಚ್ ತತ್ವಜ್ಞಾನಿ ರೆನೂವಿಯೇ ಬರೆದದ್ದನ್ನು ಓದಿ, ನನಗೆ ಸ್ವಂತ ಇಚ್ಛೆ ಇದೆ ಎಂದು ನಂಬುವುದೇ ಆ ಇಚ್ಛೆಯಿಂದ ನಾನು ಮಾಡುವ ಮೊದಲ ಕೆಲಸ ಎಂದು ಬರೆದುಕೊಂಡಿದ್ದರು. ಆ ಒಂದು ಸಾಲಿನಿಂದಲೇ ವಾಸಿಯಾದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಮೇಲೂ ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲೇ ಇದ್ದರಲ್ವಾ? 1872ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಎಲಿಯಟ್, ಹಿಂದೆ ಇವರಿಗೆ ಕೆಮಿಸ್ಟ್ರಿ ಕಲಿಸಿದ್ದವರು, ಫಿಸಿಯಾಲಜಿ ಪಾಠ ಮಾಡಲು ಕರೆದರು. ಸಂಬಳ 600 ಡಾಲರ್. ಬರೀ ತನ್ನ ತಲೆಯೊಳಗೇ ಸುತ್ತುವುದು ಬಿಟ್ಟು ಮನುಷ್ಯರ ಜೊತೆ ಇರಬಹುದು, ಇದು ದೇವರೇ ಕೊಟ್ಟ ಹಾಗಿದೆ ಎಂದು ತಮ್ಮನಾದ ಹೆನ್ರಿಗೆ ಕಾಗದ ಬರೆದರು. ಮತ್ತೆ ದಣಿದು ಒಂದು ವರ್ಷ ಬಿಡುವು ತೆಗೆದುಕೊಂಡರು, ಮತ್ತೆ ಬಂದರು. 1875ರಲ್ಲಿ ಮನಃಶಾಸ್ತ್ರ ಕಲಿಸಲು ಶುರುಮಾಡಿದರು. ಹೆಸರು ತಂದ ದೊಡ್ಡ ಪುಸ್ತಕ ಮುಗಿದದ್ದು 1890ರಲ್ಲಿ, 48ನೇ ವಯಸ್ಸಿಗೆ.

ಮಾತ್ರೆ ಬಿಡಬೇಡಿ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಇಷ್ಟವಾದ ಕೆಲಸ ಯಾವುದು ಅಂತ ಈಗಲೇ ಹುಡುಕಲು ಹೋಗಬೇಡಿ, ನಿಮಗಾಗಿ ಯಾರಾದರೂ ಕಾಯುವಂಥ ಒಂದು ಸಣ್ಣ ಕೆಲಸ ಹಿಡಿಯಿರಿ. ನನಗೆ ಅದು ಪಕ್ಕದ ಬೀದಿಯ ಮೂರು ಮಕ್ಕಳ ಲೆಕ್ಕದ ಪಾಠ. ಏಳಲು ಮನಸ್ಸಿಲ್ಲದ ದಿನವೂ ಸಂಜೆ ಆರಕ್ಕೆ ಗೇಟಿನ ಸದ್ದು ಕೇಳಿದರೆ ಎದ್ದು ಮುಖ ತೊಳೆಯುತ್ತಿದ್ದೆ.