ಎಲ್ಲಿ ಹಾಕೋಣ, ಯಾರು ನೋಡ್ತಾರೆ?

ಪ್ರ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಪ್ರಚಾರಕ್ಕೆ ವಾಟ್ಸ್‌ಆ್ಯಪ್ ಗುಂಪೇ ಸಾಕು ಅಂತ ಹಿರಿಯರು, ಇನ್‌ಸ್ಟಾಗ್ರಾಮ್ ಬೇಕೇ ಬೇಕು ಅಂತ ಹುಡುಗರು. ಫೇಸ್‌ಬುಕ್, ಯೂಟ್ಯೂಬ್‌ಗಳೂ ಇವೆ. ಯಾವುದಕ್ಕೆ ಶ್ರಮ ಹಾಕುವುದು?
– ತಂಡವೊಂದರ ಕಾರ್ಯದರ್ಶಿ, ಶಿರಸಿ

ಉ: ಬರುವ ಶನಿವಾರದ ಆಟಕ್ಕೆ ಜನ ಸೇರಬೇಕೆಂದರೆ ಹಿರಿಯರ ಮಾತು ಸರಿ. ವಾಟ್ಸ್‌ಆ್ಯಪ್ ಸಂದೇಶ ನೇರ ಫೋನಿಗೆ ಬಂದು ಬೀಳುತ್ತದೆ, ಯಾರಿಗೆ ಏನು ತೋರಿಸಬೇಕೆಂದು ನಡುವೆ ನಿಂತು ಆರಿಸುವವರಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಆ ಆಯ್ಕೆ ಅಲ್ಗಾರಿದಮ್‌ನದು. ಶನಿವಾರದ ಆಟದ ಕರಪತ್ರ ಕೆಲವರಿಗೆ ಸೋಮವಾರ ಕಾಣಿಸುವುದು ಅದಕ್ಕೇ.

ಗುಂಪಿಗೆ 1,024 ಮಂದಿಯ ಮಿತಿ ಇದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಶುಭೋದಯದ ಹೂಗಳ ನಡುವೆ ಆಟದ ಸುದ್ದಿ ಮುಳುಗದಿರಲು, ಸಂದೇಶ ಹಾಕುವ ಅಧಿಕಾರವನ್ನು ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳಿಗೆ ಮಾತ್ರ ಕೊಡಿ. 2023ರಲ್ಲಿ ಬಂದ ಚಾನೆಲ್‌ನಲ್ಲಿ ಫಾಲೋ ಮಾಡುವವರ ನಂಬರ್ ಉಳಿದವರಿಗೆ ಕಾಣದು. ಆದರೆ ಅದರ ಸುದ್ದಿ ಚಾಟ್‌ಗಳ ಸಾಲಿನಲ್ಲಿ ಬರದೆ ಅಪ್‌ಡೇಟ್ಸ್ ಪುಟದಲ್ಲಿ ಕೂರುತ್ತದೆ, ಬಹಳ ಜನ ಅತ್ತ ಸುಳಿಯುವುದೇ ಇಲ್ಲ. ಪರಿಚಯದ ಪ್ರೇಕ್ಷಕರಿಗೆ ಗುಂಪು, ಹೊರಗಿನವರಿಗೆ ಚಾನೆಲ್ ಎಂದು ಇಟ್ಟುಕೊಳ್ಳಿ.

ಫೇಸ್‌ಬುಕ್‌ನಲ್ಲಿ ತಂಡದ ಹೆಸರಿಗೆ ವೈಯಕ್ತಿಕ ಖಾತೆ ತೆರೆಯುವುದು ಎಲ್ಲರೂ ಮಾಡುವ ತಪ್ಪು. ಅದು 5,000 ಸ್ನೇಹಿತರಿಗೆ ನಿಂತುಬಿಡುತ್ತದೆ, ನಿಯಮಕ್ಕೂ ವಿರುದ್ಧ. ಪೇಜ್ ಮಾಡಿ, ಕನಿಷ್ಠ ಇಬ್ಬರಿಗೆ ಪೂರ್ಣ ಅಧಿಕಾರ ಕೊಡಿ. ಒಬ್ಬರ ಕೈಯಲ್ಲೇ ಇದ್ದು ಅವರ ಖಾತೆ ಹ್ಯಾಕ್ ಆದರೆ ಪೇಜ್ ಅನಾಥ.

ನಮ್ಮ ಮಟ್ಟಿಗೆ ನಿಮ್ಮ ಹೆಚ್ಚಿನ ಶ್ರಮ ಯೂಟ್ಯೂಬ್‌ಗೆ ಹೋಗಲಿ. ಮೂರು ವರ್ಷ ಕಳೆದ ಮೇಲೂ ಪ್ರಸಂಗದ ಹೆಸರು ಹಾಕಿ ಹುಡುಕಿದವರಿಗೆ ಆಟ ಸಿಗುವ ಜಾಗ ಅದು. ಮೊದಲು ಫೋನ್ ನಂಬರ್ ಕೊಟ್ಟು ಖಾತೆ ವೆರಿಫೈ ಮಾಡಿ, ಇಲ್ಲದಿದ್ದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಏರುವುದಿಲ್ಲ. ಮೊಬೈಲಿನಿಂದ ಲೈವ್ ಮಾಡಲು 50 ಸಬ್‌ಸ್ಕ್ರೈಬರ್‌ಗಳು ಬೇಕು. ಲೈವ್ ಸೌಲಭ್ಯ ಮೊದಲ ಸಲ ಚಾಲೂ ಆಗಲು 24 ಗಂಟೆಯವರೆಗೂ ಹಿಡಿಯಬಹುದು. ಹಾಗಾಗಿ ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ಲೈವ್ ಬಟನ್ ಹುಡುಕಿ ಪ್ರಯೋಜನವಿಲ್ಲ. ಲೈವ್ 12 ಗಂಟೆ ಮೀರಿದರೆ ಚಾನೆಲ್‌ನಲ್ಲಿ ಉಳಿಯುವುದಿಲ್ಲ, ರಾತ್ರಿಯಿಡೀ ಆಟಕ್ಕೆ ಅಷ್ಟು ಧಾರಾಳ ಸಾಕು.

ಎಂಟು ಗಂಟೆಯ ವಿಡಿಯೊದಲ್ಲಿ ತನಗೆ ಬೇಕಾದ ಪದ್ಯ ಹುಡುಕಿಕೊಂಡು ಯಾರೂ ಕೂರುವುದಿಲ್ಲ. ವಿವರಣೆಯಲ್ಲಿ ಸಮಯ ಬರೆದರೆ ವಿಡಿಯೊ ಅಧ್ಯಾಯಗಳಾಗಿ ಒಡೆಯುತ್ತದೆ. ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲು ಇರಬೇಕು, ಸಮಯ ಏರುಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯ 10 ಸೆಕೆಂಡಿಗೆ ಕಡಿಮೆ ಇರಬಾರದು. ಇದರಲ್ಲಿ ಒಂದು ತಪ್ಪಿದರೂ ಯಾವ ಅಧ್ಯಾಯವೂ ಕಾಣದು. ಹೆಚ್ಚಿನವರು ಎಡವುವುದು 0:00 ಮರೆತು. ಆಟ ಶುರುವಾಗುವ ಮುನ್ನ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕುವ ರೂಢಿಯಿದ್ದರೆ ರೆಕಾರ್ಡಿಂಗ್ ಅದರ ನಂತರ ಆರಂಭಿಸಿ. ಆ ಮೂರು ನಿಮಿಷದ ಹಾಡಿಗಾಗಿ ಇಡೀ ಆಟದ ಮೇಲೆ ಕಾಪಿರೈಟ್ ಕ್ಲೇಮ್ ಬೀಳಬಹುದು.

ಇನ್‌ಸ್ಟಾಗ್ರಾಮ್ ಹುಡುಗರಿಗೆ ಬಿಟ್ಟುಬಿಡಿ. ಕಿರೀಟ ಕಟ್ಟುವ ಅರ್ಧ ನಿಮಿಷದ ರೀಲ್, ನಿಮ್ಮ ಹೆಸರೇ ಕೇಳದವರ ಫೋನಿಗೂ ಹೋಗುತ್ತದೆ. ಅದರ ಆಕರ್ಷಣೆಯೇ ಅದು. ಆದರೆ ಕ್ಯಾಪ್ಶನ್‌ನಲ್ಲಿ ಹಾಕಿದ ಯೂಟ್ಯೂಬ್ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಲಿಂಕನ್ನು ಬಯೋದಲ್ಲಿ ಹಾಕಿ, ಅಲ್ಲಿ ಐದು ಲಿಂಕ್‌ಗಳವರೆಗೆ ಜಾಗವಿದೆ.

ಪ್ರ: ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) 280 ಅಕ್ಷರ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಅದರ ಅರ್ಧಕ್ಕೇ ಜಾಗ ಮುಗಿಯುತ್ತದೆ. ಇದು ಕನ್ನಡಕ್ಕೆ ಅನ್ಯಾಯವಲ್ಲವೇ?
– ಶಿಕ್ಷಕಿ, ಹಾಸನ

ಉ: ಅಲ್ಲಿ ಎಣಿಕೆಯಾಗುವುದು ನಾವು ಓದುವ ಅಕ್ಷರವಲ್ಲ, ಯುನಿಕೋಡ್ ಸಂಕೇತ, ಅಂದರೆ ಕಂಪ್ಯೂಟರಿನಲ್ಲಿ ಲಿಪಿಯ ಪ್ರತಿ ಚಿಹ್ನೆಗೂ ಕೊಟ್ಟಿರುವ ಸಂಖ್ಯೆ. ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಸ್ವರಚಿಹ್ನೆ ಪ್ರತಿಯೊಂದಕ್ಕೂ ಒಂದೊಂದು ಲೆಕ್ಕ. ‘ಕರ್ನಾಟಕ’ ನಮಗೆ ನಾಲ್ಕು ಅಕ್ಷರ, ಎಕ್ಸ್‌ಗೆ ಏಳು. ‘ಸ್ತ್ರೀ’ ಒಂದೇ ಅಕ್ಷರ, ಲೆಕ್ಕದಲ್ಲಿ ಆರು. ‘ಫೇಸ್‌ಬುಕ್’ನಲ್ಲಿ ಒತ್ತು ಅಂಟದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ಗುರುತಿಗೂ ಒಂದು ಲೆಕ್ಕವಿದೆ, ಹೀಗಾಗಿ ಒಟ್ಟು ಒಂಬತ್ತು. ಎಮೋಜಿಗೆ ಎರಡು. ಲಿಂಕ್ ಎಷ್ಟೇ ಉದ್ದವಿರಲಿ, 23.

ಅನ್ಯಾಯ ಎಂಬ ಮಾತನ್ನು ಮಾತ್ರ ನಾವು ಪೂರ್ತಿ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಕರ್ನಾಟಕ ಎಂದು ಬರೆಯಲು ಒಂಬತ್ತು ಅಕ್ಷರ ಬೇಕಲ್ಲ! ಜಾಗವೇ ಮುಖ್ಯವಾದರೆ ಎಕ್ಸ್‌ನಂಥವೇ ಬೇರೆ ತಾಣಗಳಿವೆ: ಥ್ರೆಡ್ಸ್‌ನಲ್ಲಿ 500 ಇದೆ, ಮ್ಯಾಸ್ಟೋಡಾನ್‌ನ ಸಾಮಾನ್ಯ ಮಿತಿಯೂ ಅಷ್ಟೇ. ಬ್ಲೂಸ್ಕೈ ಮಿತಿ 300 ಆದರೂ ಗುಣಿತಾಕ್ಷರವನ್ನು ಒಂದೇ ಎಂದು ಎಣಿಸುವುದರಿಂದ ಕನ್ನಡಕ್ಕೆ ಎಕ್ಸ್‌ಗಿಂತ ಹೆಚ್ಚು ದಕ್ಕುತ್ತದೆ. ಆದರೆ ಬೆಂಗಳೂರಿನ ಸಂಚಾರ ಪೊಲೀಸರಿಗೆ ದೂರು ಮುಟ್ಟಿಸಬೇಕು, ಸುದ್ದಿ ಆಗಿಂದಾಗ್ಗೆ ತಿಳಿಯಬೇಕು ಎನ್ನುವವರಿಗೆ ಜಾಗ ಇಕ್ಕಟ್ಟಾದರೂ ಎಕ್ಸೇ ಅನುಕೂಲ.

ಪ್ರ: ಲಿಂಕ್ಡ್‌ಇನ್‌ನಲ್ಲಿ ಒಬ್ಬರ ಪ್ರೊಫೈಲ್ ನೋಡಿದರೆ ಅವರಿಗೆ ಗೊತ್ತಾಗುತ್ತದೆಯೇ?
– ವಿದ್ಯಾರ್ಥಿ, ತುಮಕೂರು

ಉ: ಗೊತ್ತಾಗುತ್ತದೆ. ಸೆಟ್ಟಿಂಗ್ಸ್‌ನ ವಿಸಿಬಿಲಿಟಿ ವಿಭಾಗದಲ್ಲಿ ಪ್ರೈವೇಟ್ ಮೋಡ್ ಆರಿಸಿಕೊಂಡರೆ ಹೆಸರು ಕಾಣದು. ಆದರೆ ಹಾಗೆ ಆರಿಸಿಕೊಂಡಾಗ, ಉಚಿತ ಖಾತೆಯಾದರೆ ನಿಮ್ಮನ್ನು ಯಾರು ನೋಡಿದರೆಂಬ ಪಟ್ಟಿಯೂ ನಿಮಗೆ ಸಿಗುವುದಿಲ್ಲ. ಕೆಲಸ ಹುಡುಕುವವರಿಗೆ ಹೆಸರು ಕಾಣಿಸಿಕೊಳ್ಳುವುದೇ ಲಾಭ, ಬದಲಿಸಬೇಡಿ.

ಪ್ರ: ‘ಕೂ’ದಲ್ಲಿ ನೂರಾರು ಚುಟುಕು ಬರೆದಿದ್ದೆ, ಅದು ಮುಚ್ಚಿತು. ಈಗ ಫೇಸ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ. ಇದೂ ಹೋದರೆ?
– ನಿವೃತ್ತ ನೌಕರ, ದಾವಣಗೆರೆ

ಉ: ಭಯ ಸಹಜವೇ. ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿದವು. ಟಿಕ್‌ಟಾಕ್ ಭಾರತದಲ್ಲಿ 2020ರ ಜೂನ್‌ನಲ್ಲಿ ನಿಷೇಧವಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿತು.

ಫೇಸ್‌ಬುಕ್ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಆಯ್ಕೆ ಇದೆ. ಅವಧಿ ಕೇಳಿದಾಗ ಆರಂಭದಿಂದ ಇಂದಿನವರೆಗೆ ಎಂಬುದನ್ನು ಆರಿಸಿ, ಫೋಟೊ ಗುಣಮಟ್ಟ ಹೆಚ್ಚು ಎಂದಿಡಿ. ರೂಪ ಎಚ್‌ಟಿಎಂಎಲ್ ಇರಲಿ. ಜೆಎಸ್‌ಒಎನ್ ಆರಿಸಿದರೆ ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತದೆ. ಕಡತ ಸಿದ್ಧವಾದ ಸೂಚನೆ ಬಂದ ಕೂಡಲೇ ಇಳಿಸಿಕೊಳ್ಳಿ, ಲಿಂಕ್ ಕೆಲವೇ ದಿನ ಇರುತ್ತದೆ. ಜಿಪ್ ಆಗಿ ಬಂದ ಆ ಕಡತವನ್ನು ಬಿಚ್ಚಿ, ಹಳೆಯ ಚುಟುಕೊಂದನ್ನು ತೆರೆದು ಓದಿ ಖಾತ್ರಿ ಮಾಡಿಕೊಳ್ಳಿ.

ನಿಮ್ಮ ಚುಟುಕದ ಕೆಳಗೆ ಬೇರೆಯವರು ಬರೆದ ಕಾಮೆಂಟುಗಳು ಈ ಕಡತದಲ್ಲಿ ಬರುವುದಿಲ್ಲ. ಉಳಿಸಿಕೊಳ್ಳಬೇಕೆನಿಸುವ ಚರ್ಚೆ ಇದ್ದರೆ ಕಂಪ್ಯೂಟರಿನಲ್ಲಿ ಆ ಪೋಸ್ಟ್ ತೆರೆದು, ಕಾಮೆಂಟುಗಳ ಮೇಲಿನ ಪಟ್ಟಿಯಲ್ಲಿ ‘ಎಲ್ಲ ಕಾಮೆಂಟ್‌’ ಆರಿಸಿ, ಕೊನೆಯವರೆಗೂ ಕೆಳಗಿಳಿಸಿ, ಆಮೇಲೆ ಪಿಡಿಎಫ್ ಮಾಡಿ.